1988ರಲ್ಲಿ ಕೊಲೆಯಾದ ಸಿಖ್ ವಿದ್ಯಾರ್ಥಿಗಳ ಸ್ಮಾರಕ ಫಲಕಕ್ಕಾಗಿ ಮತ್ತೊಮ್ಮೆ ಮನವಿ

ಗೆ,
ಮಾನ್ಯ ಆಯುಕ್ತರು,
ನಗರಾಡಳಿತ ಕಚೇರಿ

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಬೀದರ ನಿವಾಸಿಗಳಾದ ನಾವು ಮತ್ತೆ ಬರೆಯುತ್ತಿದ್ದೇವೆ. ಮೊದಲ ಅರ್ಜಿಗೆ ಸ್ವೀಕೃತಿ ಮುದ್ರೆ ಬಿತ್ತು, ಅಷ್ಟೇ. ಎರಡನೆಯದು ‘ಜಾಗದ ದಾಖಲೆ ಇಲ್ಲ’ ಎಂದು ಹಿಂದಿರುಗಿತು. ನಕ್ಷೆ ಕೊಟ್ಟರೆ ‘ಅನುದಾನವಿಲ್ಲ’. ದಾನಿಗಳೇ ಕಲ್ಲು ಕೊಡುತ್ತಾರೆ, ಅನುಮತಿ ಸಾಕು ಎಂದರೆ ‘ಸೂಕ್ಷ್ಮ ವಿಷಯ’. ಈಗ ಕಡತವೇ ಸಿಗುತ್ತಿಲ್ಲವಂತೆ. ಇನ್ನೆಷ್ಟು ಸಲ ಜೆರಾಕ್ಸ್ ಕೊಡಬೇಕು?

1988ರ ಸೆಪ್ಟೆಂಬರಿನಲ್ಲಿ, ಗಣೇಶೋತ್ಸವದ ದಿನಗಳಲ್ಲಿ, ಎಂಜಿನಿಯರಿಂಗ್ ಓದಲು ಉತ್ತರದಿಂದ ಬಂದಿದ್ದ ಸಿಖ್ ಹುಡುಗರ ಮೇಲೆ ಈ ಊರಿನಲ್ಲಿ ದಾಳಿ ನಡೆಯಿತು. ಕನಿಷ್ಠ 6 ವಿದ್ಯಾರ್ಥಿಗಳು ಕೊಲೆಯಾದರು. ಗುರು ಗೋಬಿಂದ್ ಸಿಂಗರ ಮೊದಲ ಐವರು ಖಾಲ್ಸಾ ಶಿಷ್ಯರಾದ ಪಂಜ್ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮೂರಿನವರೆಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತೇವೆ. ಈ ಹುಡುಗರ ಹೆಸರು ಹೇಳಲು ಮಾತ್ರ ಬಾಯಿ ಬರುವುದಿಲ್ಲ. ಗುರುದ್ವಾರದಲ್ಲಿ ಅರ್ದಾಸ್ (ಪ್ರಾರ್ಥನೆ) ಸಿಖ್ ಸಮುದಾಯ ಮಾಡಿಕೊಳ್ಳುತ್ತದೆ. ಊರಿನ ಪರವಾಗಿ ನೆನೆಯಬೇಕಾದವರು ತಾವು.

ಫಲಕ ಹೇಗಿರಬೇಕೆಂದು ಹಿಂದೆಯೂ ಬರೆದಿದ್ದೆವು. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಬೇಡ. ತೂತು ತೂತಾದ ಆ ಕಲ್ಲಿನಲ್ಲಿ ಸಣ್ಣ ಅಕ್ಷರದ ಅಂಚು ನಿಲ್ಲುವುದಿಲ್ಲ. 6 ಅಡಿ ಉದ್ದ, 4 ಅಡಿ ಅಗಲದ ಕಪ್ಪು ಗ್ರಾನೈಟ್ ಸಾಕು. ಅಕ್ಷರ ಕೊರೆದಿರಬೇಕು, ಬರೀ ಬಣ್ಣ ಬಳಿದರೆ ಬಿಸಿಲಿಗೆ ಮಾಸುತ್ತದೆ. ಕಬ್ಬಿಣದ ಕ್ಲಾಂಪು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿಸಿ. ಹೆಸರುಗಳನ್ನು ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಕಾಲೇಜಿನ ಪ್ರವೇಶ ದಾಖಲೆ ಮೂರರಲ್ಲೂ ತಾಳೆ ನೋಡಿ, ಕುಟುಂಬದವರು ಒಪ್ಪಿದ ಮೇಲೆಯೇ ಕೊರೆಸಬೇಕು. ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ಅಕ್ಷರದ ಮೇಲಿನ ಟಿಪ್ಪಿ (ಅನುನಾಸಿಕ ಚಿಹ್ನೆ) ಬಿಟ್ಟರೆ ‘ಸಿಂಘ್’ ಹೋಗಿ ‘ಸಿಘ್’ ಆಗುತ್ತದೆ. ಸತ್ತ ಮಗನ ಹೆಸರನ್ನು ಹಾಗೆ ಓದುವ ಸ್ಥಿತಿ ಯಾವ ತಾಯಿಗೂ ಬರಬಾರದು. ‘ಅಹಿತಕರ ಘಟನೆಯಲ್ಲಿ ಮೃತಪಟ್ಟ’ ಎಂಬ ಸರ್ಕಾರಿ ಮಾತೂ ಬೇಡ. ‘ಕೊಲೆಯಾದ’ ಎಂದೇ ಇರಲಿ.

ಪ್ರತಿವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ, 17ರಂದು ಕಲ್ಯಾಣ ಕರ್ನಾಟಕ ಉತ್ಸವ. ಶಾಮಿಯಾನ, ಮೈಕು, ಹೂಹಾರಕ್ಕೆಲ್ಲ ಹಣ ಸಿಗುತ್ತದೆ. ಎಂಜಿನಿಯರಾಗಲು ಬಂದು ಇದೇ ತಿಂಗಳು ಸತ್ತವರಿಗೆ ಎರಡು ನಿಮಿಷದ ಮೌನವೂ ಇಲ್ಲ. ಬಾಯಿಮಾತಿನ ಭರವಸೆ ಸಾಕಾಗಿದೆ, ವಾರ್ಷಿಕ ಸ್ಮರಣೆಗೆ ಲಿಖಿತ ಆದೇಶ ಹೊರಡಿಸಿ.

ನಾವು ಗುರುತಿಸಿದ ಜಾಗದ ಪಕ್ಕದ ಚರಂಡಿ ಮಳೆ ಬಂದಾಗಲೆಲ್ಲ ಉಕ್ಕುತ್ತದೆ. ಹೂಳು ಎತ್ತಿ ದಂಡೆಯ ಮೇಲೇ ಬಿಟ್ಟುಹೋಗುತ್ತಾರೆ, ಮುಂದಿನ ಮಳೆಗೆ ಅದೇ ಹೂಳು ಮತ್ತೆ ಒಳಗೆ. ಬೀದಿದೀಪ ಉರಿಯುವುದಿಲ್ಲ, ಕಸದ ಗಾಡಿ ಅತ್ತ ಸುಳಿಯುವುದಿಲ್ಲ. ಅಲ್ಲಿ ಫಲಕ ನೆಟ್ಟು ಕೈತೊಳೆದುಕೊಳ್ಳುವುದಾದರೆ ನಮಗೆ ಆ ಫಲಕ ಬೇಡ. 2 ಅಡಿ ಎತ್ತರದ ಕಟ್ಟೆ, ನೀರು ಹರಿದುಹೋಗಲು ಇಳಿಜಾರು, ನಿರ್ವಹಣೆಗೆ ಹೆಸರಿಟ್ಟು ಒಬ್ಬ ಸಿಬ್ಬಂದಿ, ಇಷ್ಟೂ ಆಗಬೇಕು.

30 ದಿನದೊಳಗೆ ಲಿಖಿತ ಉತ್ತರ ಕೊಡಿ. ‘ಪರಿಶೀಲಿಸಲಾಗುವುದು’ ಎಂಬುದನ್ನು ಉತ್ತರವೆಂದು ನಾವು ಒಪ್ಪುವುದಿಲ್ಲ.

ಇಂತಿ,
ಬೀದರ ನಿವಾಸಿಗಳು

ಲಗತ್ತು: ಜಾಗದ ನಕ್ಷೆ, ಫಲಕದ ಅಳತೆ, ಹಿಂದಿನ ಅರ್ಜಿಗಳ ಸ್ವೀಕೃತಿ ಪ್ರತಿಗಳು (ಮತ್ತೊಂದು ಸೆಟ್)