ತೋಳವನ್ನು ಗುಡ್ಡದಲ್ಲೇ ಅರಿಯಬೇಕು

ಮಾನ್ಯರೇ,

ತೋಳಗಳ ಹಿಂಡಿನಲ್ಲಿ ಕಾದಾಡಿ ಗೆದ್ದದ್ದೇ ನಾಯಕನಾಗುತ್ತದೆ ಎಂಬ ಮಾತನ್ನು ಈಗಲೂ ಮಕ್ಕಳಿಗೆ ಹೇಳಿಕೊಡುತ್ತಿರುವುದು ಬೇಸರದ ಸಂಗತಿ. 1947ರಲ್ಲಿ ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ ಈ ತಿಳಿವಳಿಕೆ ಬೇರೂರಿತು. ಬಿಟ್ಟುಹೋಗಲು ದಾರಿಯೇ ಇಲ್ಲದ ಪ್ರಾಣಿಗಳು ಕಚ್ಚಾಡಿದ್ದರಲ್ಲಿ ಅಚ್ಚರಿಯೇನಿದೆ? ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದ ಅಮೆರಿಕದ ತೋಳತಜ್ಞ ಡೇವಿಡ್ ಮೀಚ್, ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಕುಟುಂಬವೆಂದು 1999ರಲ್ಲಿ ವಿವರಿಸಿದರು. ಬೆಳೆದ ಮರಿಗಳು ಗದ್ದುಗೆಗಾಗಿ ಬಡಿದಾಡದೆ, ಮನೆ ಬಿಟ್ಟು ಬೇರೆ ಸಂಸಾರ ಹೂಡುತ್ತವೆ.

ಕಪ್ಪತಗುಡ್ಡದ ಸೆರಗಿನ ಕುರಿಗಾಹಿಗಳಿಗೆ ಇದು ಹೊಸದಲ್ಲ. ಕಳೆದ ಫೆಬ್ರವರಿಯ ಒಂದು ನಸುಕಿನಲ್ಲಿ ಹಿರಿಯರೊಬ್ಬರು ಕೈಮಾಡಿ ತೋರಿಸಿದಾಗ, ಎರಡು ಮರಿಗಳು ತಾಯಿಯ ಬಾಯಿಯನ್ನು ಮೂತಿಯಿಂದ ತಿವಿತಿವಿದು, ಅದು ಕಕ್ಕಿದ ಮಾಂಸವನ್ನು ತಿನ್ನುವುದನ್ನು ನಾನೇ ಕಂಡೆ.

ಮೃಗಾಲಯದ ಅಧ್ಯಯನ ಬೇಡವೆನ್ನುತ್ತಿಲ್ಲ. ಗರ್ಭಾವಧಿ, ಮರಿಗಳ ತೂಕ, ರೋಗಗಳನ್ನು ಅಲ್ಲಿ ಹತ್ತಿರದಿಂದ ಅಳೆಯಬಹುದು. ಆದರೆ ನಡವಳಿಕೆಯನ್ನು ಓದುವ ಧಾರವಾಡದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳನ್ನು, 2019ರಲ್ಲಿ ವನ್ಯಜೀವಿಧಾಮವಾದ ಈ ಗುಡ್ಡಕ್ಕೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಕುರಿಗಾಹಿಗಳ ಜೊತೆ ಒಂದು ಋತುವಾದರೂ ಕಳುಹಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಮುಂಡರಗಿ, ಗದಗ ಜಿಲ್ಲೆ