ಮಂಡ್ಯ ಬಸ್ಸಿನಲ್ಲಿ ಸಿಕ್ಕ ನರ್ಸ್ ಅಕ್ಕನಿಗೆ

ಭಾನುವಾರ ಸಂಜೆ ಮಂಡ್ಯದಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ನರ್ಸ್ ಅಕ್ಕ, ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ. ಎರಡು ವರ್ಷದ ಮಗಳ ಮೈ ಕೆಂಡದ ಹಾಗೆ ಸುಡುತ್ತಿತ್ತು, ನನಗೆ ಕೈಕಾಲೇ ಆಡುತ್ತಿರಲಿಲ್ಲ. ನೀವು ಕುಲಾವಿ ಬಿಚ್ಚಿಸಿ, ಅಂಗಿ ಎತ್ತಿ, ವಾಚ್ ನೋಡುತ್ತಾ ಪೂರ್ತಿ ಒಂದು ನಿಮಿಷ ಅವಳ ಉಸಿರು ಎಣಿಸಿದಿರಿ. ಆಮೇಲೆ ಬಾಟಲಿ ಮುಚ್ಚಳದಲ್ಲಿ ಗುಟುಕು ಗುಟುಕಾಗಿ ನೀರು.

"ಕುಡೀತಾಳೆ, ಉಚ್ಚೆ ಹೋಗ್ತಿದಾಳೆ, ನನ್ನ ಬಳೆ ಎಳೀತಿದಾಳೆ ಅಲ್ವಾ? ಸದ್ಯಕ್ಕೆ ಗಾಬರಿ ಬೇಡ ಕಣಮ್ಮ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಏಳದಿದ್ರೆ ತಕ್ಷಣ ಆಸ್ಪತ್ರೆಗೆ ಓಡು. ಮೂರು ತಿಂಗಳೊಳಗಿನ ಕೂಸಾದ್ರೆ 100.4 ಡಿಗ್ರಿಗೇ ಹೊರಡಬೇಕು" ಅಂದಿರಿ. ಆಗ ನನಗೂ ಉಸಿರು ಬಂತು.

ಶ್ರೀರಂಗಪಟ್ಟಣದಲ್ಲಿ ಇಳಿದ ಮೇಲೂ ಕಿಟಕಿ ಹತ್ತಿರ ಬಂದು, ಪ್ಯಾರಾಸಿಟಮಾಲ್ ಡೋಸು ಮಗು ತೂಕದ ಮೇಲೆ, ಡಾಕ್ಟರ್ ಹತ್ರ ಕೇಳಿ ಬರೆಸ್ಕೋ ಅಂತ ಕೂಗಿದಿರಿ. ಬರೆಸಿಕೊಂಡೆ. ಮಗಳು ಆರಾಮಾಗಿದ್ದಾಳೆ. ತುಂಬಾ ಥ್ಯಾಂಕ್ಸ್ ಅಕ್ಕ.