ಮಗಳಿಗೊಂದು ಪತ್ರ: ಪರಲೋಕದ ಹಂಬಲ, ಸೃಷ್ಟಿಯ ಬೆರಗು

ಪ್ರೀತಿಯ ಮಗಳೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನಗೆ ಆಶೀರ್ವಾದಗಳು. ನೀನು ಬರೆದು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಆದ್ದರಿಂದ ಸಾವಕಾಶವಾಗಿ ಕುಳಿತು ಬರೆಯುತ್ತಿದ್ದೇನೆ. ನಾವು ಈ ಭೂಮಿಯಲ್ಲಿ ಪರದೇಶದವರೂ ಪ್ರವಾಸಿಗಳೂ ಆಗಿದ್ದೇವೆ, ನಮ್ಮ ಸ್ವದೇಶ ಪರಲೋಕವೇ ಎಂಬ ಮಾತನ್ನು ನೀನು ಚಿಕ್ಕಂದಿನಿಂದ ಸಭೆಯಲ್ಲಿಯೂ ಮನೆಯಲ್ಲಿಯೂ ಕೇಳುತ್ತ ಬೆಳೆದವಳು. ಈಗ ಸಮುದ್ರ ವಿಜ್ಞಾನವನ್ನು ಓದುತ್ತಿರುವಾಗ, ಒಂದು ದಿನ ಲಯವಾಗಿ ಹೋಗುವುದೆಂದು ಪೇತ್ರನು ಬರೆದಿರುವ ಲೋಕವನ್ನು ಇಷ್ಟು ಆಸೆಯಿಂದ ಅಳೆದು ಅರಿಯಲು ಹೊರಡುವುದು ಪರಲೋಕದ ಮೇಲಣ ಆಸೆಯನ್ನು ಕುಗ್ಗಿಸುತ್ತದೆಯೇ ಎಂದು ಕೇಳಿದ್ದೀಯೆ. ಅದರ ಕೆಳಗೆ, ಬಹುಶಃ ಸಂಕೋಚದಿಂದಲೇ, ಇನ್ನೊಂದು ಸಾಲನ್ನೂ ಸೇರಿಸಿದ್ದೀಯೆ: ಪರಲೋಕದಲ್ಲಿ ಎಲ್ಲವೂ ತಿಳಿದುಹೋದ ಮೇಲೆ ಹುಡುಕುವುದಕ್ಕೆ ಏನು ಉಳಿಯುತ್ತದೆ?

ಈ ಎರಡು ಆಸೆಗಳು ಒಂದಕ್ಕೊಂದು ವೈರಿಗಳಲ್ಲ, ಅವು ಒಂದೇ ಆಸೆ ಎಂದು ನಾನು ನಂಬಿದ್ದೇನೆ. ಏಕೆ ಎಂದು ಹೇಳುತ್ತೇನೆ.

ಪೇತ್ರನ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ನೀನು ಹತ್ತನೆಯ ವಚನದಲ್ಲಿ ನಿಲ್ಲಿಸಿಬಿಟ್ಟಿದ್ದೀಯೆ. ಬೆಂಕಿಯ ಮಾತು ಅಲ್ಲಿದೆ, ನಿಜ. ಆದರೆ ಅಪೊಸ್ತಲನು ಅಲ್ಲಿಗೆ ನಿಲ್ಲದೆ, ನೀತಿಯು ವಾಸವಾಗಿರುವ ನೂತನಾಕಾಶವನ್ನೂ ನೂತನ ಭೂಮಿಯನ್ನೂ ನಾವು ಎದುರುನೋಡುತ್ತಿದ್ದೇವೆ ಎಂದು ಹದಿಮೂರನೆಯ ವಚನದಲ್ಲಿ ಹೇಳುತ್ತಾನೆ. ಯೋಹಾನನಿಗೆ ಕಂಡ ದರ್ಶನದಲ್ಲಿ ಪರಿಶುದ್ಧ ಪಟ್ಟಣವು ಪರಲೋಕದಿಂದ ಕೆಳಗಿಳಿದು ಬರುತ್ತದೆ. ದೇವರೇ ಮನುಷ್ಯರ ಬಳಿಗೆ ಬಂದು ವಾಸಮಾಡುತ್ತಾನೆ. ಇವೆಲ್ಲಕ್ಕಿಂತಲೂ ನನ್ನನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುವುದು ಪುನರುತ್ಥಾನವಾದ ಕರ್ತನ ದೇಹ. ಆತನು ಶಿಷ್ಯರಿಗೆ ತನ್ನ ಕೈಕಾಲುಗಳನ್ನು ತೋರಿಸಿ, ಮುಟ್ಟಿ ನೋಡಿರಿ ಎಂದನು. ಅವರ ಕಣ್ಣೆದುರಿಗೇ ಸುಟ್ಟ ಮೀನಿನ ತುಂಡನ್ನು ತಿಂದನು. ನಮ್ಮ ಮೈಯಂತಹ ಮೈಯನ್ನು ಕ್ರಿಸ್ತನು ಸಮಾಧಿಯಲ್ಲಿ ಕಳಚಿಟ್ಟು ಬರಲಿಲ್ಲ, ಅದನ್ನು ಎಬ್ಬಿಸಿಕೊಂಡೇ ಬಂದನು. ಸೃಷ್ಟಿಯನ್ನು ದೇವರು ಬೇಡವೆಂದು ಬಿಸಾಡುವವನಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ನಿನ್ನ ಸಮುದ್ರದ ವಿಷಯಕ್ಕೆ ಬರುತ್ತೇನೆ. ಕರ್ತನು ಯೋಬನನ್ನು ಬಿರುಗಾಳಿಯೊಳಗಿಂದ ಪ್ರಶ್ನಿಸುವಾಗ, ನೀನು ಸಮುದ್ರದ ಬುಗ್ಗೆಗಳನ್ನು ಹೊಕ್ಕು ನೋಡಿದ್ದೀಯೋ, ಸಾಗರದ ಗುಪ್ತ ಸ್ಥಳಗಳಲ್ಲಿ ತಿರುಗಾಡಿದ್ದೀಯೋ ಎಂದು ಕೇಳುತ್ತಾನೆ. ಯೋಬನಿಗೆ ಉತ್ತರವಿರಲಿಲ್ಲ. ನಮಗೂ ಮೊನ್ನೆಮೊನ್ನೆಯವರೆಗೆ ಇರಲಿಲ್ಲ. 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಸಮೀಪದ ಸಮುದ್ರದಲ್ಲಿ, ಸುಮಾರು 2,500 ಮೀಟರ್ ಆಳದಲ್ಲಿ, ಆಲ್ವಿನ್ ಎಂಬ ಪುಟ್ಟ ಮುಳುಗು ನೌಕೆಯಲ್ಲಿ ಇಳಿದವರಿಗೆ ಬಿಸಿನೀರಿನ ಬುಗ್ಗೆಗಳು ಕಂಡವು. ಅವುಗಳ ಸುತ್ತಲೂ ಜೀವಿಗಳು ಗುಂಪುಗುಂಪಾಗಿದ್ದವು. ಹೊರಟಿದ್ದವರು ಭೂವಿಜ್ಞಾನಿಗಳು, ಅಷ್ಟು ಆಳದಲ್ಲಿ ಇಷ್ಟೊಂದು ಜೀವವಿರಬಹುದೆಂದು ಯಾರೂ ನೆನೆಸಿರದ ಕಾರಣ ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಅಲ್ಲಿನ ದೊಡ್ಡ ಕೊಳವೆ ಹುಳುಗಳಿಗೆ ಬಾಯಿಯೂ ಇಲ್ಲ, ಜಠರವೂ ಇಲ್ಲ. ಬುಗ್ಗೆಯಿಂದ ಬರುವ ಗಂಧಕದ ಸಂಯುಕ್ತಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಗಳು ಅವುಗಳ ಮೈಯೊಳಗೇ ಇದ್ದು ಅವುಗಳನ್ನು ಪೋಷಿಸುತ್ತವೆ. ಇದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಆದರೆ ತಂದೆಯಾಗಿ ನಾನು ನಿನ್ನ ಗಮನಕ್ಕೆ ತರಬಯಸುವುದು ಬೇರೊಂದು: ಎಷ್ಟೋ ಯುಗಗಳ ಕಾಲ ಮನುಷ್ಯನ ಕಣ್ಣು ಬೀಳದ ಕತ್ತಲೆಯಲ್ಲಿ, ಹೊಗಳುವವರು ಯಾರೂ ಇಲ್ಲದ ಕಡೆ, ದೇವರು ಆ ಜೀವಿಗಳನ್ನು ಉಣಿಸಿ ಬೆಳೆಸುತ್ತಿದ್ದನು. ಜನರಿಲ್ಲದ ಅರಣ್ಯದಲ್ಲಿ ಮಳೆ ಸುರಿಸುವವನು ಯಾರೆಂದು ಯೋಬನ ಪುಸ್ತಕದ ಅದೇ ಅಧ್ಯಾಯದಲ್ಲಿ ಆತನು ಕೇಳುವುದೂ ಇದನ್ನೇ. ಆತನ ಸಂತೋಷ ನಮ್ಮ ನೋಟವನ್ನು ಕಾದು ನಿಂತಿಲ್ಲ. ಆ ಸಂತೋಷದಲ್ಲಿ ಪಾಲುಗೊಳ್ಳಲು ಮಾತ್ರ ನಮ್ಮನ್ನು ಕರೆದಿದ್ದಾನೆ.

ಅದೇ 1977ರ ಸೆಪ್ಟೆಂಬರಿನಲ್ಲಿ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆಯು ಭೂಮಿಯನ್ನು ಬಿಟ್ಟು ಹೊರಟಿತು. 2012ರಲ್ಲಿ ಅದು ಸೂರ್ಯನಿಂದ ಹೊರಹೊಮ್ಮುವ ಕಣಗಳ ಮಾರುತದ ಮೇರೆಯನ್ನು ದಾಟಿತು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರವಾದ ನಕ್ಷತ್ರದಷ್ಟು ದೂರವನ್ನು ಕ್ರಮಿಸಲು ಅದಕ್ಕೆ 70,000ಕ್ಕೂ ಹೆಚ್ಚು ವರ್ಷಗಳು ಬೇಕು. ನಮ್ಮ ಆಯುಷ್ಯವೋ, ಮೋಶೆಯ ಪ್ರಾರ್ಥನೆಯಲ್ಲಿ ಹೇಳಿರುವಂತೆ, 70 ವರ್ಷ. ಬಲ ಹೆಚ್ಚಿದರೆ 80. ಆಸೆಯ ಅಳತೆಗೂ ಆಯುಷ್ಯದ ಅಳತೆಗೂ ಇರುವ ಈ ಅಂತರವನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ದೇವರು ಮನುಷ್ಯರ ಹೃದಯದಲ್ಲಿ ಅನಂತಕಾಲದ ಯೋಚನೆಯನ್ನು ಇಟ್ಟಿದ್ದಾನೆ, ಆದರೂ ಆತನ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಅವರು ಕಂಡುಕೊಳ್ಳಲಾರರು ಎಂದು ಪ್ರಸಂಗಿಯು ಹೇಳುವುದು ಈ ಅಂತರವನ್ನೇ. ನೋಡಿದಷ್ಟೂ ನೋಡಬೇಕೆನ್ನಿಸುವ ಆ ತವಕ, ಆಯುಷ್ಯ ಸಾಲದು ಎಂಬ ಆ ಕೊರಗು, ಅದೇ ಪರಲೋಕದ ಹಂಬಲ, ಮಗಳೇ. ಅದು ನಿನ್ನಲ್ಲಿ ಪ್ರಯೋಗಶಾಲೆಯಲ್ಲಿ ಹುಟ್ಟಿತು, ನನ್ನಲ್ಲಿ ಪ್ರಾರ್ಥನೆಯಲ್ಲಿ ಹುಟ್ಟಿತು, ಅಷ್ಟೇ ಭೇದ.

ಆದರೆ ಈ ಹಂಬಲಕ್ಕೆ ಇನ್ನೊಂದು ಬಾಗಿಲೂ ಇದೆ, ಅದನ್ನು ನೀನು ಹಗುರವಾಗಿ ಕಾಣಬಾರದು. ನಿನ್ನ ಅಜ್ಜಿ ಕೊನೆಯ ದಿನಗಳಲ್ಲಿ ಪರಲೋಕವನ್ನು ಬಯಸಿದ್ದು ಬೆರಗಿನಿಂದಲ್ಲ, ನೋವಿನಿಂದ. ದೇವರು ಅವರ ಕಣ್ಣೀರನ್ನೆಲ್ಲಾ ಒರಸಿಬಿಡುವನು ಎಂಬ ಒಂದೇ ವಚನವನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದರು. ಸೃಷ್ಟಿಯೆಲ್ಲಾ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ನೀನು ಅಧ್ಯಯನ ಮಾಡುವ ಲೋಕ ಸುಂದರವೂ ಹೌದು, ನರಳುತ್ತಿರುವುದೂ ಹೌದು. ಜರ್ಮನಿಯ ಖಗೋಳಶಾಸ್ತ್ರಜ್ಞ ಕೆಪ್ಲರನು ಈ ಎರಡನ್ನೂ ಬಲ್ಲವನಾಗಿದ್ದನು. ದೇವಶಾಸ್ತ್ರವನ್ನು ಓದಿ ಸಭೆಯ ಸೇವೆಗೆ ಹೋಗಬೇಕೆಂದಿದ್ದ ಅವನನ್ನು 1594ರಲ್ಲಿ ಗ್ರಾತ್ಸ್ ನಗರಕ್ಕೆ ಗಣಿತದ ಉಪಾಧ್ಯಾಯನಾಗಿ ಕಳುಹಿಸಿದರು. ಮರುವರ್ಷ ಅವನು ತನ್ನ ಗುರುವಿಗೆ ಬರೆದ ಪತ್ರದಲ್ಲಿ, ದೇವಶಾಸ್ತ್ರಜ್ಞನಾಗಲಿಲ್ಲವೆಂದು ಬಹುಕಾಲ ಕಳವಳಪಟ್ಟೆನು, ಈಗ ಖಗೋಳಶಾಸ್ತ್ರದಲ್ಲಿಯೂ ದೇವರಿಗೆ ಮಹಿಮೆ ಸಲ್ಲುವುದನ್ನು ಕಾಣುತ್ತಿದ್ದೇನೆ ಎಂಬ ಅರ್ಥದ ಮಾತುಗಳನ್ನಾಡಿದ್ದಾನೆ. ಮುಂದೆ ಅವನು ಹೆಂಡತಿಯನ್ನೂ ಹಲವು ಮಕ್ಕಳನ್ನೂ ಮಣ್ಣಿಗಿಟ್ಟನು. ಅವನ ವೃದ್ಧ ತಾಯಿ ಮಾಟಗಾತಿಯೆಂಬ ಆರೋಪಕ್ಕೆ ಗುರಿಯಾದಳು. ಆ ಕಷ್ಟಗಳ ನಡುವೆಯೇ, 1618ರಲ್ಲಿ, ಗ್ರಹಗಳ ಚಲನೆಯ ಮೂರನೆಯ ನಿಯಮವನ್ನು ಕಂಡುಕೊಂಡನು. ಅತ್ತ ಕಣ್ಣುಗಳಿಂದಲೇ ಅವನು ಆಕಾಶವನ್ನು ನೋಡಿದನು.

ಹುಡುಕಲು ಏನು ಉಳಿಯುತ್ತದೆ ಎಂಬ ನಿನ್ನ ಎರಡನೆಯ ಪ್ರಶ್ನೆಗೆ, ನಾಲ್ಕನೆಯ ಶತಮಾನದ ನುಸ್ಸದ ಗ್ರೆಗರಿ ಎಂಬ ಸಭಾಪಿತೃವಿನ ಬೋಧನೆಯಲ್ಲಿ ನನಗೆ ನೆಮ್ಮದಿಯ ಉತ್ತರ ಸಿಕ್ಕಿದೆ. ದೇವರಿಗೆ ಮೇರೆಯಿಲ್ಲದ ಕಾರಣ ಆತನನ್ನು ಅರಿಯುವ ಪಯಣಕ್ಕೂ ಮೇರೆಯಿಲ್ಲ. ಪ್ರತಿಯೊಂದು ತೃಪ್ತಿಯೂ ಆತ್ಮವನ್ನು ಇನ್ನೂ ಹಿಗ್ಗಿಸಿ ಮುಂದಿನ ಆಸೆಗೆ ಸಿದ್ಧಗೊಳಿಸುತ್ತದೆ ಎಂದು ಆತನು ಬೋಧಿಸಿದನು. ಈಗ ದರ್ಪಣದಲ್ಲಿ ಮೊಬ್ಬಾಗಿ ಕಾಣುವುದನ್ನು ಆಗ ಮುಖಾಮುಖಿಯಾಗಿ ಕಾಣುವೆವು ಎಂದು ಪೌಲನು ಹೇಳಿದಾಗ, ಬೆರಗು ಅಲ್ಲಿ ತೀರಿಹೋಗುತ್ತದೆ ಎಂದು ಹೇಳಲಿಲ್ಲ. ಪ್ರೀತಿಸುವವರ ಮುಖವನ್ನು ನೋಡಿ ಮುಗಿಸಿದವರುಂಟೇ?

ಕೊನೆಗೆ, ನೀನು ಕೇಳದಿದ್ದರೂ ನಿನ್ನನ್ನು ಕಾಡಿರಬಹುದಾದ ಒಂದು ವಚನ. ಹೊಸ ಭೂಮಿಯಲ್ಲಿ ಇನ್ನು ಸಮುದ್ರವೂ ಇಲ್ಲ ಎಂದು ಪ್ರಕಟನೆಯ ಇಪ್ಪತ್ತೊಂದನೆಯ ಅಧ್ಯಾಯ ಹೇಳುತ್ತದೆ. ಆ ಪುಸ್ತಕದಲ್ಲಿ ಸಮುದ್ರವೆಂದರೆ ದೇವರಿಗೆ ವಿರೋಧಿಯಾದ ಮೃಗವು ಏರಿಬಂದ ಸ್ಥಳ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನನ್ನು ಅವನ ಸಭೆಗಳಿಂದ ದೂರವಿಟ್ಟಿದ್ದ ನೀರೂ ಅದೇ. ಇಲ್ಲವಾಗುವುದು ಆ ಭಯ ಮತ್ತು ಆ ಅಗಲಿಕೆ ಎಂದು ನಾನು ಓದುತ್ತೇನೆ; ಏಕೆಂದರೆ ಅದೇ ಪುಸ್ತಕದ ಐದನೆಯ ಅಧ್ಯಾಯದಲ್ಲಿ, ಸಿಂಹಾಸನದ ಮುಂದೆ ಕುರಿಮರಿಯಾದಾತನನ್ನು ಸ್ತುತಿಸುವ ಸ್ವರಗಳಲ್ಲಿ ಸಮುದ್ರದೊಳಗಿರುವ ಜೀವಿಗಳ ಸ್ವರವನ್ನೂ ಯೋಹಾನನು ಕೇಳಿದನು. ಕೊಳವೆ ಹುಳುಗಳನ್ನು ಅವುಗಳಿಂದ ಹೊರಗಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಸಮುದ್ರಯಾನಕ್ಕೆ ಹೊರಡುವ ಮೊದಲು ನೂರನಾಲ್ಕನೆಯ ಕೀರ್ತನೆಯನ್ನು ಪೂರ್ತಿಯಾಗಿ ಓದಿಕೋ, ನಿನ್ನ ಕೆಲಸದ ವಿವರಗಳನ್ನು ನನಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಬಿಡದೆ ಬರೆ. ಅಮ್ಮನೂ ನಾನೂ ಪ್ರತಿದಿನ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ.

ನಿನ್ನ ಪ್ರೀತಿಯ
ಅಪ್ಪ